ಮರಳಿನ ಆಯವ್ಯಯ

ಲೋಕದಲ್ಲಿ ಬೆಲೆಯಿಲ್ಲದ ವಸ್ತುವಿಗೆ ಉದಾಹರಣೆ ಕೊಡಬೇಕಾದಾಗ ಹಿಂದಿನವರು ಮರಳನ್ನು ಹೆಸರಿಸುತ್ತಿದ್ದರು. ಆಗದ ಕಾರ್ಯವನ್ನು ಮರಳಿನಿಂದ ಎಣ್ಣೆ ತೆಗೆಯುವುದಕ್ಕೆ ಹೋಲಿಸಿದರು. ನಿಲ್ಲದ ಮಾತನ್ನು ಮರಳಿನ ಮೇಲಣ ಬರಹವೆಂದರು. ಎಣಿಕೆಗೆ ಸಿಲುಕದುದನ್ನು ಹೊಳೆಯ ಮರಳೆಂದರು. ಆದರೂ ಕೂಲಿಮಠಗಳಿದ್ದ ಕಾಲದಲ್ಲಿ ಮಗುವಿನ ಮೊದಲನೆಯ ಪುಸ್ತಕವು ಆ ಮರಳೇ ಆಗಿದ್ದಿತು. ಹರಡಿದ ಮರಳಿನಲ್ಲಿ ಬೆರಳಿಟ್ಟು ತಿದ್ದಿ, ಅಂಗೈಯಿಂದ ಅಳಿಸಿ, ಮತ್ತೆ ತಿದ್ದಿ ಅಕ್ಷರವನ್ನು ಕಲಿತವರು ಎಷ್ಟೋ ತಲೆಮಾರುಗಳವರು. ಅಂದು ಹೊಳೆಗೆ ಹೋಗಿ ಬುಟ್ಟಿಯಲ್ಲಿ ತುಂಬಿ ತಂದರೆ ಕೇಳುವವರಿರಲಿಲ್ಲ. ಇಂದು ಅದು ಲಾರಿಗಳ ಲೆಕ್ಕದಲ್ಲಿ ಬಿಕರಿಯಾಗುವ, ಪಹರೆಯಿಟ್ಟು ಕಾಯಬೇಕಾದ ಸರಕು. ವಸ್ತುವಿನ ಬೆಲೆ ಹೀಗೆ ಬದಲಾಯಿಸಿದಾಗ ಅದರ ಹುಟ್ಟು, ನಡೆ, ನೆಲೆಗಳನ್ನು ಕುರಿತು ವಿಚಾರಮಾಡುವುದು ವಿವೇಕಿಗಳಿಗೆ ಉಚಿತವಾದುದು.

ಸಂಸ್ಕೃತದಲ್ಲಿ ಮರಳಿಗೆ ಸಿಕತೆ ಎಂತಲೂ ವಾಲುಕೆ ಎಂತಲೂ ಹೆಸರುಂಟು. ನೀರಿನಿಂದ ಮೇಲೆದ್ದ ನೆಲವನ್ನು ಪುಲಿನವೆಂದೂ, ಮರಳಿನಿಂದ ಕೂಡಿದುದನ್ನು ಸೈಕತವೆಂದೂ ಅಮರಕೋಶವು ಬೇರ್ಪಡಿಸಿ ಹೇಳುತ್ತದೆ. ಕನ್ನಡದಲ್ಲಿ ಇದರ ಹಳೆಯ ರೂಪವು ಮಳಲ್. ಅದು ಕಾಲಕ್ರಮದಲ್ಲಿ ಮರಳು ಎಂದಾಗಿ, ಹಿಂತಿರುಗು ಎಂಬರ್ಥದ ಮರಳು ಎಂಬ ಧಾತುವಿನೊಡನೆ ರೂಪದಲ್ಲಿ ಒಂದಾಯಿತು. ರೂಪ ಒಂದಾದರೂ ಅರ್ಥವು ನೇರ ವಿರುದ್ಧವಾದುದು: ಮರಳು ಮರಳುವುದಿಲ್ಲ. ಬೆಟ್ಟದಿಂದ ಹೊಳೆಗಿಳಿದ ಕಣವು ಬೆಟ್ಟಕ್ಕೆ ಹಿಂತಿರುಗದು. ಇಳಿದುಬರುವುದು, ನಡುವೆ ಕೆಲಕಾಲ ತಂಗುವುದು, ಮತ್ತೆ ಮುಂದಕ್ಕೆ ಸಾಗುವುದು—ಇಷ್ಟೇ ಅದರ ಜೀವಿತ. ಹೊಳೆಯ ದಂಡೆಯಲ್ಲಾಗಲಿ ಕಡಲಿನ ತೀರದಲ್ಲಾಗಲಿ ಕಾಣುವ ಮರಳುದಿಣ್ಣೆ ಎಂಬುದು ಇಂತಹ ತಂಗುದಾಣವೇ ಹೊರತು ಸ್ಥಿರವಾದ ಮನೆಯಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಜನರಿಗೆ ಮರಳುದಿಣ್ಣೆಯ ಪರಿಚಯವಾಗುವುದು ಸಾಮಾನ್ಯವಾಗಿ ತಲಕಾಡಿನಲ್ಲಿ. ಮಳವಳ್ಳಿಯ ಮಾರ್ಗವಾಗಿ ಅಲ್ಲಿಗೆ ಹೋಗಿ ಬರುವ ಕುಟುಂಬಗಳು ಅನೇಕ. ಕಾವೇರಿಯಲ್ಲಿ ಮಿಂದು, ಮರಳಿನಲ್ಲಿ ಕಾಲು ಹೂತುಕೊಳ್ಳುತ್ತ ಗುಡಿಯಿಂದ ಗುಡಿಗೆ ನಡೆದು, ಪಾತಾಳೇಶ್ವರನ ಮುಂದೆ ಮೆಟ್ಟಿಲಿಳಿಯುವಾಗ ಮನೆಯ ಮಕ್ಕಳು ತಪ್ಪದೆ ಒಂದು ಪ್ರಶ್ನೆಯನ್ನು ಕೇಳುವರು: “ಇಷ್ಟು ಮರಳು ಎಲ್ಲಿಂದ ಬಂತು, ತಾತ?” ಹಿರಿಯರು ಕೊಡುವ ಉತ್ತರವೂ ಗೊತ್ತಾದುದೇ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಅಲಮೇಲಮ್ಮನೆಂಬ ಸಾಧ್ವಿಯು ತನ್ನ ಒಡವೆಗಳೊಡನೆ ಮಾಲಂಗಿಯ ಮಡುವಿಗೆ ಧುಮುಕುವಾಗ ತಲಕಾಡು ಮರಳಾಗಲೆಂದು ಶಪಿಸಿದಳೆಂಬುದು ಆ ಕಥೆ.

ಕಥೆಯನ್ನು ಕಥೆಯಾಗಿ ಗೌರವಿಸತಕ್ಕದ್ದೇ. ನೊಂದ ಹೆಂಗಸಿನ ಸಂಕಟವನ್ನು ನಾಡು ನಾಲ್ಕು ಶತಮಾನಗಳ ಕಾಲ ಮರೆಯದೆ ಇಟ್ಟುಕೊಂಡಿರುವುದು ಸಣ್ಣ ಸಂಗತಿಯಲ್ಲ. ಆದರೆ ಮಗು ಕೇಳಿದುದು “ಏಕೆ” ಎಂದಲ್ಲ, “ಎಲ್ಲಿಂದ” ಎಂದು. ಶಾಪವು ಮೊದಲನೆಯದಕ್ಕೆ ಉತ್ತರವಾಗಬಹುದು. ಎರಡನೆಯದು ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರವನ್ನು ಹುಡುಕಹೊರಟರೆ ದೂರ ಹೋಗಬೇಕಾಗಿಲ್ಲ. ರಾಮನಗರದ ಬೆಟ್ಟಗಳ ಬುಡದಲ್ಲಿಯೇ ಆರಂಭಿಸಬಹುದು.

ರಾಮದೇವರ ಬೆಟ್ಟ, ಸಾವನದುರ್ಗ, ಕಬ್ಬಾಳದುರ್ಗ ಮೊದಲಾದವುಗಳ ಬಂಡೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಿಂದಿನ ಹೆಸರು. ಈ ಕಲ್ಲಿನ ವಯಸ್ಸು ಸುಮಾರು ೨೫೦ ಕೋಟಿ ವರ್ಷಗಳು. ಇದರಲ್ಲಿ ಮುಖ್ಯವಾಗಿ ಮೂರು ಖನಿಜಗಳುಂಟು: ಗಾಜಿನಂತೆ ಹೊಳೆಯುವ ಬೆಣಚು, ನಸುಗೆಂಪಿನ ಫೆಲ್‌ಸ್ಪಾರ್, ಪದರಪದರಾಗಿ ಏಳುವ ಕಾಗೆಬಂಗಾರ. ಬಿಸಿಲು, ಮಳೆ, ಗಿಡಗಳ ಬೇರು ಇವುಗಳ ದೆಸೆಯಿಂದ ಬಂಡೆ ಸಡಿಲವಾಗುವಾಗ ಫೆಲ್‌ಸ್ಪಾರ್ ಕ್ರಮೇಣ ಕರಗಿ ಜೇಡಿಯಾಗುತ್ತದೆ, ಕಾಗೆಬಂಗಾರವು ಪುಡಿಯಾಗುತ್ತದೆ, ಬೆಣಚೊಂದು ಮಾತ್ರ ಕರಗದೆ ಕಣಕಣವಾಗಿ ಉಳಿಯುತ್ತದೆ. ಆ ಉಳಿಕೆಯೇ ಮರಳು. ರಾಗಿಯ ಹೊಲದ ಮಣ್ಣೂ ಹೊಳೆಯ ಮರಳೂ ಒಂದೇ ಬಂಡೆಯ ಮಕ್ಕಳು. ಒಂದು ಮನೆಯಲ್ಲಿ ನಿಂತಿತು, ಇನ್ನೊಂದು ದೇಶಾಂತರ ಹೊರಟಿತು.

ಹೊರಟುದು ಯಾವ ದಾರಿಯಲ್ಲಿ? ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಮಾಗಡಿಯ ಸೀಮೆಯನ್ನು ಮುಟ್ಟಿ, ರಾಮನಗರ ಕನಕಪುರಗಳ ಮಗ್ಗುಲಲ್ಲಿ ಹರಿದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಮಾಗಡಿಯ ಕಡೆಯಿಂದ ಬರುವ ಕಣ್ವವು ಚನ್ನಪಟ್ಟಣದ ಸೀಮೆಯನ್ನು ಹಾದು ಶಿಂಷೆಗೆ ಬೀಳುತ್ತದೆ. ಶಿಂಷೆಯೂ ಕಾವೇರಿಗೇ ಹೋಗುತ್ತದೆ. ಆದಕಾರಣ ಈ ನಾಲ್ಕು ಸೀಮೆಗಳ ಮರಳು ತಲಕಾಡಿನದಲ್ಲ. ತಲಕಾಡು ಸಂಗಮಕ್ಕೆ ಮೇಲೆ ಇರುವುದರಿಂದ ಅಲ್ಲಿನ ಮರಳನ್ನು ತಂದುದು ಮೇಲಣ ಕಾವೇರಿ ಮತ್ತು ಕಪಿಲೆ. ಇಲ್ಲಿನ ಮರಳು ಮೇಕೆದಾಟನ್ನು ದಾಟಿ, ಹೊಗೇನಕಲ್ಲಿನಲ್ಲಿ ಧುಮುಕಿ, ತಿರುಚಿನಾಪಳ್ಳಿಯ ಬಯಲನ್ನು ಹಾದು, ಪೂಂಪುಹಾರಿನ ಬಳಿ ಕಡಲನ್ನು ಸೇರುವ ಪ್ರಯಾಣಕ್ಕೆ ಹೊರಟುದು. ಕಡಲಿಲ್ಲದ ಸೀಮೆಯವರಿಗೆ ಕಡಲತೀರದ ದಿಣ್ಣೆಯ ವಿಚಾರವೇಕೆ ಎಂದು ಕೇಳುವವರಿಗೆ ಇದೇ ಉತ್ತರ: ಆ ತೀರದ ದಿಣ್ಣೆಗಳಿಗೆ ಬೇಕಾದ ಸಾಮಗ್ರಿಯಲ್ಲಿ ಒಂದು ಪಾಲು ಹೋಗುತ್ತಿದ್ದುದು ಇಲ್ಲಿಂದ.

ಇನ್ನು, ನೀರು ತಂದು ಹಾಕಿದ ಮರಳು ದಿಣ್ಣೆಯಾಗುವುದು ಹೇಗೆ? ಇದಕ್ಕೆ ಮೂವರ ಸಹಾಯ ಬೇಕು: ಮರಳನ್ನು ತಂದು ಒಣಗಲು ಬಿಡುವ ನೀರು, ಎತ್ತಿ ಒಯ್ಯುವ ಗಾಳಿ, ಹಿಡಿದು ನಿಲ್ಲಿಸುವ ಗಿಡ. ಒಣಗಿದ ಸಣ್ಣ ಮರಳು ಚಲಿಸಬೇಕಾದರೆ ಗಾಳಿಯು ಗಂಟೆಗೆ ಸುಮಾರು ೧೦ ಮೈಲಿ ವೇಗದಲ್ಲಾದರೂ ಬೀಸಬೇಕು. ಆಗ ಕಣಗಳು ಧೂಳಿನಂತೆ ಆಕಾಶಕ್ಕೇರುವುದಿಲ್ಲ. ನೆಲಕ್ಕೆ ಹತ್ತಿರದಲ್ಲಿಯೇ ಕುಪ್ಪಳಿಸುತ್ತ ಹೋಗುತ್ತವೆ. ಬಿದ್ದ ಕಣವು ಬೇರೆ ಕಣಗಳನ್ನು ಚಿಮ್ಮಿಸುತ್ತದೆ, ಚಿಮ್ಮಿದವು ಮತ್ತೆ ಕೆಲವನ್ನು ಎಬ್ಬಿಸುತ್ತವೆ. ಬಾಗ್ನೋಲ್ಡ್ ಎಂಬ ಆಂಗ್ಲ ಸೈನ್ಯಾಧಿಕಾರಿಯು ಮರುಭೂಮಿಯಲ್ಲಿ ಅಲೆದು, ಪ್ರಯೋಗಗಳನ್ನು ನಡೆಸಿ, ೧೯೪೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕುಪ್ಪಳಿಕೆಯ ಗಣಿತವನ್ನು ನಿರೂಪಿಸಿದನು. ಅವನು ತೋರಿಸಿದ ಮುಖ್ಯವಾದ ತತ್ತ್ವವೇನೆಂದರೆ, ಸಾಗುವ ಮರಳಿನ ಮೊತ್ತವು ಗಾಳಿಯ ವೇಗದ ಘನಕ್ಕೆ ಅನುಸಾರವಾಗಿ ಹೆಚ್ಚುತ್ತದೆಂಬುದು. ಜೋರಾದ ಗಾಳಿಯಲ್ಲಿ ವೇಗವು ಇಮ್ಮಡಿಯಾದರೆ ಮರಳು ಸುಮಾರು ಎಂಟುಮಡಿ ಸಾಗುತ್ತದೆ. ವರ್ಷವೆಲ್ಲ ಬೀಸುವ ಮಂದಮಾರುತವು ಮಾಡಲಾರದ ಕೆಲಸವನ್ನು ಕೆಲವು ದಿನಗಳ ಬಿರುಗಾಳಿ ಮಾಡಿ ಮುಗಿಸುವುದು ಇದರಿಂದಲೇ.

ಸಾಗುವ ಮರಳಿಗೆ ಒಂದು ಕಲ್ಲೋ ಗಿಡವೋ ಅಡ್ಡವಾದರೆ ಅದರ ಮರೆಯಲ್ಲಿ ಗಾಳಿಯ ಬಲ ಕುಗ್ಗಿ ಕಣಗಳು ಬೀಳುತ್ತವೆ. ಕಡಲತೀರದಲ್ಲಿ ಈ ಕೆಲಸಕ್ಕೆಂದೇ ಹುಟ್ಟಿದಂತಿರುವ ಸಸ್ಯಗಳುಂಟು. ಮೇಕೆಯ ಗೊರಸಿನಂತೆ ಸೀಳಿದ ಎಲೆಯೂ ನೇರಿಳೆ ಬಣ್ಣದ ಹೂವೂ ಉಳ್ಳ ಬಳ್ಳಿಯೊಂದು. ತಮಿಳು ತೀರದವರು ರಾವಣನ ಮೀಸೆಯೆಂದು ಕರೆಯುವ ಮುಳ್ಳುಹುಲ್ಲು ಇನ್ನೊಂದು. ಬೇರೆ ಗಿಡಗಳನ್ನು ಮರಳು ಹೂತರೆ ಅವು ಸಾಯುತ್ತವೆ. ಇವನ್ನು ಹೂತರೆ ಇವು ಹೂತಷ್ಟೂ ಮೇಲಕ್ಕೆ ಚಿಗುರಿ, ಬೇರುಬಿಟ್ಟು, ಮತ್ತಷ್ಟು ಮರಳನ್ನು ಹಿಡಿಯುತ್ತವೆ. ಹೀಗೆ ಅಂಗೈಯಗಲದ ಗುಪ್ಪೆಯು ಮೊಣಕಾಲೆತ್ತರವಾಗಿ, ಗುಪ್ಪೆಗಳು ಕೂಡಿಕೊಂಡು ತೀರದುದ್ದಕ್ಕೂ ಏರಿಯಾಗುತ್ತವೆ. ಗಾಳಿ ಬರುವ ಕಡೆಯ ಇಳಿಜಾರು ಸೌಮ್ಯ. ಮರೆಯ ಕಡೆಯದು ಕಡಿದು. ಒಣಮರಳು ೩೩ ಅಂಶಗಳಷ್ಟು ಓರೆಗಿಂತ ಹೆಚ್ಚು ಕಡಿದಾಗಿ ನಿಲ್ಲಲಾರದು. ಮೀರಿದರೆ ತಾನೇ ಜಾರುತ್ತದೆ.

ದಿಣ್ಣೆಯ ಆಕಾರವನ್ನು ನಿರ್ಣಯಿಸುವುದು ಮಾತ್ರ ಗಾಳಿಗಿಂತ ಹೆಚ್ಚಾಗಿ ಆದಾಯವೇ. ಮರಳು ಹೆಚ್ಚು ಬಂದರೆ ದಿಣ್ಣೆ ಎತ್ತರವಾಗುವುದೆಂದು ಮೊದಲ ನೋಟಕ್ಕೆ ತೋರುತ್ತದೆ, ವಾಸ್ತವವು ಹಾಗಲ್ಲ. ಧಾರಾಳವಾಗಿ ಮರಳು ಬರುತ್ತಿರುವ ತೀರದಲ್ಲಿ ದಡವೇ ಕಡಲಿನೊಳಕ್ಕೆ ಬೆಳೆಯುತ್ತದೆ. ಹಳೆಯ ಏರಿ ಎತ್ತರವಾಗುವುದಕ್ಕೆ ಮುಂಚೆಯೇ ಅದರ ಮುಂದೆ ಹೊಸ ಏರಿ ಹುಟ್ಟಿ ಮರಳನ್ನೆಲ್ಲ ತಾನೇ ಹಿಡಿದುಕೊಳ್ಳುತ್ತದೆ. ಆದಕಾರಣ ಅಂತಹ ಕಡೆ ಉತ್ತ ಸಾಲುಗಳಂತೆ ಒಂದರ ಹಿಂದೊಂದು ತಗ್ಗಾದ ಏರಿಗಳು ಕಾಣುತ್ತವೆ. ಆದಾಯವು ಮಿತವಾಗಿದ್ದು ದಡವು ಹೆಚ್ಚು ಕಡಿಮೆ ನಿಂತಲ್ಲೇ ನಿಂತಿದ್ದರೆ ಬಂದ ಮರಳೆಲ್ಲ ಒಂದೇ ಏರಿಗೆ ಸೇರಿ ಅದು ಎತ್ತರವಾಗಿ ಬೆಳೆಯುತ್ತದೆ. ಆದಾಯವು ತೀರ ಕುಗ್ಗಿತೆಂದರೆ ಅಲೆಯು ಏರಿಯ ಬುಡವನ್ನು ಕೊರೆಯುತ್ತದೆ. ಹಸುರು ಹರಿದ ಕಡೆ ಗಾಳಿ ಹೊಕ್ಕು ಬೋಗುಣಿಯಂತೆ ತೋಡುತ್ತದೆ. ತೋಡಿದ ಮರಳು ಒಳನಾಡಿನ ಕಡೆಗೆ ನಡೆಯತೊಡಗುತ್ತದೆ. ಆಗ ಗಿಡಗಳು ಹಿಡಿದ ಎರಡು ತುದಿಗಳು ಹಿಂದುಳಿದು, ನಡುಭಾಗ ಮುಂದೆ ಹೋಗಿ, ದಿಣ್ಣೆ ಲಾಳದ ಆಕಾರವನ್ನು ತಾಳುತ್ತದೆ. ಹೀಗೆ ದಿಣ್ಣೆಯ ರೂಪವನ್ನು ನೋಡಿಯೇ ಆ ತೀರದ ಆಯವ್ಯಯವನ್ನು ಬಲ್ಲವರು ಓದಬಲ್ಲರು.

ಕಾವೇರಿಯ ಬಯಲಿನ ದಕ್ಷಿಣದಂಚಿನಲ್ಲಿರುವ ವೇದಾರಣ್ಯದ ನೆಲದಲ್ಲಿ ಇಂತಹ ಏರಿಗಳ ಸಾಲುಗಳುಂಟು. ಕೆಲವು ಸಾವಿರ ವರ್ಷಗಳಿಂದ ಕಡಲು ಹಂತಹಂತವಾಗಿ ಹಿಂಜರಿದು ದಡವು ಮುಂದೆ ಬಂದುದಕ್ಕೆ ಅವೇ ಸಾಕ್ಷಿ. ನದಿಗಳು ತಂದ ಮರಳನ್ನು ತೀರದ ಪ್ರವಾಹವು ನೈಋತ್ಯದ ಮಳೆಗಾಲದಲ್ಲಿ ಉತ್ತರಕ್ಕೂ, ಈಶಾನ್ಯದ ಮಳೆಗಾಲದಲ್ಲಿ ದಕ್ಷಿಣಕ್ಕೂ ಎಳೆದಾಡಿ ಹಂಚುತ್ತಿದ್ದಿತು. ಹಂಚಿಕೆ ಇಂದಿಗೂ ನಡೆದಿದೆ; ಹಂಚತಕ್ಕ ದ್ರವ್ಯವು ಕಡಿಮೆಯಾಗಿದೆ.

ಕಡಿಮೆಯಾದುದು ಹೇಗೆಂಬುದು ಗುಟ್ಟಲ್ಲ. ಅಣೆಕಟ್ಟು ನೀರನ್ನು ಮಾತ್ರವೇ ಅಲ್ಲ, ಮರಳನ್ನೂ ನಿಲ್ಲಿಸುತ್ತದೆ. ಹರಿವು ನಿಂತ ಕೂಡಲೆ ದಪ್ಪ ಕಣಗಳೆಲ್ಲ ಜಲಾಶಯದ ಬಾಯಲ್ಲೇ ಬೀಳುತ್ತವೆ; ಕಟ್ಟೆಯನ್ನು ದಾಟುವುದು ಬಹುಮಟ್ಟಿಗೆ ತಿಳಿನೀರು. ೧೯೧೧ರಲ್ಲಿ ಕೆಲಸ ಪ್ರಾರಂಭವಾದ ಕನ್ನಂಬಾಡಿ, ೧೯೩೪ರಲ್ಲಿ ಮುಗಿದ ಮೆಟ್ಟೂರು, ೧೯೭೪ರಲ್ಲಿ ಮುಗಿದ ಕಬಿನಿ ಇವು ಕಾವೇರಿಯ ದೊಡ್ಡ ಕಟ್ಟುಗಳು. ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ೧೯೩೩ರ ಚಾಮರಾಜಸಾಗರ, ಕೆಳಗೆ ಮಂಚನಬೆಲೆ, ಇನ್ನೂ ಕೆಳಗೆ ಹಾರೋಬೆಲೆ. ಕಣ್ವಕ್ಕೆ ೧೯೪೬ರ ಜಲಾಶಯ. ಇವು ಹೊಲಗಳಿಗೂ ಪಟ್ಟಣಗಳಿಗೂ ಉಪಕಾರಮಾಡಿರುವುದರಲ್ಲಿ ಸಂದೇಹವಿಲ್ಲ. ಉಪಕಾರವನ್ನು ಪಡೆದವರು ಅದರ ವೆಚ್ಚವನ್ನೂ ಅರಿತಿರಬೇಕೆಂಬುದಷ್ಟೇ ಇಲ್ಲಿಯ ಮಾತು. ಕಟ್ಟೆಗಳನ್ನು ತಪ್ಪಿಸಿಕೊಂಡು ಹೊಳೆಯ ಪಾತ್ರದಲ್ಲಿ ಉಳಿದಿದ್ದ ಮರಳನ್ನು, ಬೆಂಗಳೂರು ಬೆಳೆದಂತೆಲ್ಲ, ಮನೆಗಳ ಗಾರೆಗೆಂದು ಅಗೆದು ಸಾಗಿಸಿದರು.

ಹೊಳೆಯ ಮರಳು ಸುಮ್ಮನೆ ಬಿದ್ದಿರುವ ವಸ್ತುವೆಂದು ತಿಳಿಯುವುದು ಸರಿಯಲ್ಲ. ಕಣಗಳ ನಡುವಣ ಸಂದುಗಳಲ್ಲಿ ನೀರು ತಂಗುತ್ತದೆ. ಹೊಳೆ ಬತ್ತಿದ ಬೇಸಗೆಯಲ್ಲಿ ಹೆಂಗಸರು ಮರಳಿನಲ್ಲಿ ಚಿಲುಮೆ ತೋಡಿ, ಊರಿದ ತಿಳಿನೀರನ್ನು ಚಿಪ್ಪಿನಿಂದ ಬಿಂದಿಗೆಗೆ ಮೊಗೆದುಕೊಳ್ಳುತ್ತಿದ್ದುದು ಇದರಿಂದಲೇ ಸಾಧ್ಯವಾಗಿದ್ದಿತು. ದಂಡೆಯ ತೋಟಗಳ ಬಾವಿಗಳಿಗೆ ಒರತೆಯನ್ನು ಕೊಡುತ್ತಿದ್ದುದೂ ಈ ಮರಳೇ. ಅದನ್ನು ತಳದ ಬಂಡೆ ಕಾಣುವವರೆಗೆ ತೆಗೆದರೆ ಮಳೆಯ ನೀರು ನಿಲ್ಲದೆ ಓಡಿಹೋಗುತ್ತದೆ, ಬಾವಿ ಬತ್ತುತ್ತದೆ. ಮೇಲೂರಿನಲ್ಲಿ ಬಾವಿ ಬತ್ತುವುದೂ ಸಾಗರತೀರದಲ್ಲಿ ದಿಣ್ಣೆ ಕರಗುವುದೂ ಎರಡು ಬೇರೆ ಬೇರೆ ವ್ಯಾಧಿಗಳಂತೆ ತೋರಿದರೂ ನಿದಾನವು ಒಂದೇ.

ತೀರದಲ್ಲಿ ಅದರ ಫಲವೇನು? ಕನ್ನಡ ಕರಾವಳಿಯವರು ಕಡಲ್ಕೊರೆತವೆಂಬ ಒಂದೇ ಪದದಲ್ಲಿ ಅದನ್ನು ಹೇಳಿಬಿಡುತ್ತಾರೆ. ಉಳ್ಳಾಲದ ಕಡೆ ಮನೆಗಳನ್ನೂ ತೆಂಗುಗಳನ್ನೂ ಕಳೆದುಕೊಂಡವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಡಲು ಉಕ್ಕಿದ ದಿನ ದಿಣ್ಣೆಯು ತನ್ನ ಕೂಡಿಟ್ಟ ಮರಳನ್ನು ಅಲೆಗೆ ಕೊಟ್ಟು ಊರನ್ನು ಉಳಿಸುತ್ತದೆ. ಅಲೆಯು ಶಾಂತವಾದ ಮೇಲೆ ಆ ಮರಳನ್ನು ದಡಕ್ಕೆ ತಂದೊಪ್ಪಿಸುತ್ತದೆ. ಆದರೆ ಹೊಸ ಆದಾಯವಿಲ್ಲದಿದ್ದರೆ ಕೊಟ್ಟುದು ಪೂರ್ತಿಯಾಗಿ ಹಿಂದಕ್ಕೆ ಬಾರದು. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಭಾರತದ ಜಿಲ್ಲೆಗಳೊಳಗೆ ಅತಿ ಹೆಚ್ಚು ಪ್ರಾಣಹಾನಿಯಾದುದು ಕಾವೇರಿಯ ಮುಖದ ಪ್ರದೇಶವಾದ ನಾಗಪಟ್ಟಣದಲ್ಲಿ. ದಿಣ್ಣೆಗಳು ಎತ್ತರವಾಗಿ, ಹಸುರಿನಿಂದ ಕೂಡಿ ಉಳಿದಿದ್ದ ಕಡೆಗಳಲ್ಲಿ ನೀರಿನ ರಭಸವು ತಗ್ಗಿತೆಂದು ತೀರವನ್ನು ಪರಿಶೀಲಿಸಿದವರು ಕಂಡುಕೊಂಡರು. ಸರ್ಕಾರವು ೨೦೧೧ರ ಮತ್ತು ೨೦೧೯ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳಲ್ಲಿ ಮರಳುದಿಣ್ಣೆಗಳನ್ನು ವಿಶೇಷ ರಕ್ಷಣೆಗೆ ಅರ್ಹವಾದವುಗಳ ಪಟ್ಟಿಗೆ ಸೇರಿಸಿದೆ. ಅದು ಒಳ್ಳೆಯದೇ. ಆದರೆ ಆ ಕಟ್ಟಳೆಯು ದಿಣ್ಣೆಯನ್ನು ಕಾಯಬಲ್ಲುದಲ್ಲದೆ, ನೂರಾರು ಮೈಲಿ ಒಳಗಿರುವ ಅದರ ಆದಾಯವನ್ನು ಕಾಯಲಾರದು.

ಈಗ ತಲಕಾಡಿನ ಮಗುವಿನ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಕಾವೇರಿಯು ಅಲ್ಲಿ ತೀಕ್ಷ್ಣವಾಗಿ ತಿರುಗುತ್ತದೆ. ತಿರುವಿನಲ್ಲಿ ಹರಿವಿನ ಬಲ ಕುಗ್ಗಿದ ಕಡೆ ಮರಳು ಬೀಳುತ್ತದೆ. ಮೇಲ್ಗಡೆ ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಮಾಧವಮಂತ್ರಿ ಕಟ್ಟೆಯಿಂದ ನೀರು ತಗ್ಗಿ ಮರಳು ಬಯಲಾಯಿತೆಂದು ಕೆಲವು ವಿದ್ವಾಂಸರೂ, ಭೂಚಲನೆಯಿಂದ ನದಿಯೇ ಪಾತ್ರವನ್ನು ಬದಲಾಯಿಸಿತೆಂದು ಮತ್ತೆ ಕೆಲವರೂ ಹೇಳುತ್ತಾರೆ. ಒಣಗಿದ ಮರಳನ್ನು ನೈಋತ್ಯದ ಗಾಳಿ ಊರಿನ ಮೇಲಕ್ಕೆ ಒಯ್ದಿತು. ಮರಳಗುಡ್ಡಗಳು ವರ್ಷಕ್ಕೆ ೯-೧೦ ಅಡಿಗಳಂತೆ ಊರಿನತ್ತ ಮುಂದುವರಿದು, ಜನರು ಮನೆಗಳನ್ನು ಬಿಟ್ಟು ಹಿಂದೆ ಸರಿಯಬೇಕಾಗುತ್ತಿದ್ದಿತೆಂದು ರೈಸ್ ಮಹಾಶಯರು ೧೮೯೭ರ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಗಂಗರ ರಾಜಧಾನಿಯೂ, ಹೊಯ್ಸಳ ವಿಷ್ಣುವರ್ಧನನ ಜಯದ ನೆಲವೂ ಆಗಿದ್ದ ಪಟ್ಟಣವು ಹೂತುಹೋದುದು ಹೀಗೆ. ತರುವಾಯ ಸರ್ವೆ, ನೀಲಗಿರಿ ಮರಗಳನ್ನು ನೆಟ್ಟು ಮರಳನ್ನು ಹಿಡಿದು ನಿಲ್ಲಿಸಿದರು. ೨೦೧೩ರಲ್ಲಿಯೂ ೨೦೨೦ರಲ್ಲಿಯೂ ಪಂಚಲಿಂಗದರ್ಶನಕ್ಕೆ ಹೋದ ಯಾತ್ರಿಕರು ನಡೆದುದು ಆ ಮರಗಳ ನೆರಳಿನ ಮರಳಿನ ಮೇಲೆಯೇ.

ತಲಕಾಡಿನಲ್ಲಿ ಮರಳು ಬರಬಾರದಲ್ಲಿ ಬಂದು ಊರು ಹೋಯಿತು. ತೀರದಲ್ಲಿ ಬರಬೇಕಾದಲ್ಲಿ ಬಾರದೆ ಊರು ಹೋಗುತ್ತಿದೆ. ಎರಡು ಕಡೆಯೂ ನೀರು, ಗಾಳಿ, ಗಿಡ ಈ ಮೂವರ ನಡುವಣ ಹಳೆಯ ಲೆಕ್ಕವು ಕೆಟ್ಟುದೇ ಕಾರಣ. ಕೆಡಿಸುವುದು ಬಲು ಬೇಗ, ಸರಿಪಡಿಸುವುದು ತಡ. ಒಂದು ಮಳೆಗಾಲದಲ್ಲಿ ಹೊಳೆ ತರುವ ಮರಳನ್ನು ಕೆಲವು ರಾತ್ರಿಗಳಲ್ಲಿ ತುಂಬಿಕೊಂಡು ಹೋಗಬಹುದು. ಬಂಡೆಯು ಅಷ್ಟು ಮರಳನ್ನು ಬಿಡಿಸಿಕೊಡಲು ಎಷ್ಟು ಕಾಲ ಬೇಕೆಂಬುದನ್ನು ರಾಮದೇವರ ಬೆಟ್ಟದ ಬುಡದಲ್ಲಿ ನಿಂತು ನೋಡಿದವರು ಊಹಿಸಿಕೊಳ್ಳಬಹುದು.

ಗೃಹಸ್ಥರು ಇದಕ್ಕೆ ಮಾಡಬಹುದಾದುದೇನೂ ಇಲ್ಲವೆಂದು ಹೇಳಲಾಗದು. ಮನೆಯನ್ನು ಕಟ್ಟಿಸುವವರು ಗಾರೆಯ ಮರಳು ಎಲ್ಲಿಯದೆಂದು ವಿಚಾರಿಸಬಹುದು. ಕಲ್ಲನ್ನು ಅರೆದು ಮಾಡಿದ ಮರಳನ್ನು ಒಪ್ಪಿಕೊಳ್ಳಬಹುದು, ಆ ಕಲ್ಲಿಗಾಗಿ ಯಾವ ಬೆಟ್ಟವನ್ನು ಒಡೆದರೆಂಬುದನ್ನೂ ಕೇಳಬಹುದು. ಹೊಳೆಯ ಪಾತ್ರದಲ್ಲಿ ಉಳಿದುದನ್ನು ಉಳಿಯಗೊಡಬೇಕೆಂದು ಪಂಚಾಯಿತಿಯಲ್ಲಿ ಎದ್ದು ಹೇಳಬಹುದು. ಶಾಸ್ತ್ರಗಳು ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತುಬರುತ್ತಾನೆಂದು ಹೇಳುತ್ತವೆ. ಹೊಳೆಯ ಮೇಲ್ಗಡೆ ವಾಸಮಾಡುವವನಿಗೆ ಕೆಳಗಡೆಯವರ ಋಣವೊಂದು ಅವುಗಳ ಜೊತೆಗೆ ಸೇರುತ್ತದೆ. ಕನಕಪುರದ ಸೇತುವೆಯ ಕೆಳಗೆ ಒಂದು ಪ್ರವಾಹಕಾಲದಲ್ಲಿ ಹಿಡಿ ಮರಳು ಮುಂದಕ್ಕೆ ಉರುಳಿದರೆ, ಹೆಸರನ್ನೂ ಕೇಳದ ಒಂದು ಮೀನುಗಾರರ ಕೇರಿಯ ಮುಂದಣ ದಿಣ್ಣೆಗೆ ಅಷ್ಟು ಸಂದಾಯವಾಯಿತೆಂದು ತಿಳಿಯತಕ್ಕದ್ದು.